ಮೊದಲ ಬಸ್ಸಿಗೆ ಮೂರು ಲೋಕ

ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ಡೋಣಿ ಹೊಳೆಯ ಈ ಸೀಮೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಗಾದೆಯನ್ನು ತುಸು ಕೆಡಿಸಿ, ಡೋಣಿ ಹರಿದರೆ ಓಣಿ ತುಂಬ ಗುಟ್ಟು ಎಂದು ಓದಿಕೊಂಡರೆ ಈ ಸಂಗತಿಗೆ ಸರಿಹೋಗುತ್ತದೆ. ಜೋಳದ ಬೆಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಗುಟ್ಟಿನ ಬೆಳೆಗೆ ಮಾತ್ರ ಈ ಕರಿಮಣ್ಣು ಎಂದೂ ಮೋಸ ಮಾಡಿಲ್ಲ. ಮುಂದೆ ಹೇಳುವುದೆಲ್ಲ ನಡೆದದ್ದು. ಅನುಮಾನವಿದ್ದವರು ಬಬಲೇಶ್ವರಕ್ಕೆ ಹೋಗಿ ಯಾರನ್ನಾದರೂ ಕೇಳಬಹುದು. ಒಂದೇ ತೊಂದರೆ, ಅವರು ಹೇಳಿ ಮುಗಿಸುವ ಮುನ್ನವೇ ನಗತೊಡಗುತ್ತಾರೆ.

ವಿಜಾಪುರದ ಬಸ್ ಸ್ಟ್ಯಾಂಡು, ಬೆಳಗಿನ ಐದು ಗಂಟೆ. ಹುಬ್ಬಳ್ಳಿಯಿಂದ ಬಂದ ವ್ಯಾನು ಪೇಪರಿನ ಕಟ್ಟುಗಳನ್ನು ಕಟ್ಟೆಯ ಮೇಲೆ ಎಸೆದು ಹೊರಟುಹೋಗುತ್ತದೆ. ಆ ಕಟ್ಟುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತ ಗೈಬುಸಾಬ ಸುತಳಿಯನ್ನು ಕತ್ತರಿಸುವುದಿಲ್ಲ, ಗಂಟು ಬಿಚ್ಚುತ್ತಾರೆ. ಸುತ್ತಿದ ಖಾಕಿ ಕಾಗದವನ್ನು ಹರಿಯುವುದಿಲ್ಲ, ಅಂಗೈಯಿಂದ ತೀಡಿ ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಇಳಿಬಿಡುತ್ತಾರೆ. “ಥಂಡಿಗೂ ಆತು, ನಕಾಶಕ್ಕೂ ಆತು” ಎನ್ನುತ್ತಾರೆ. ಯಾವ ನಕಾಶೆ ಎಂದು ಕೇಳಿದರೆ, ಬಸ್ಸು ಬಂತೆಂದು ಏಳುತ್ತಾರೆ.

ತಿಕೋಟಾಕ್ಕೆ ಅರವತ್ತೆಂಟು, ಬಬಲೇಶ್ವರಕ್ಕೆ ಎಪ್ಪತ್ತೊಂಬತ್ತು, ಜೈನಾಪುರಕ್ಕೆ ಹದಿನಾರು, ಕಾಖಂಡಕಿಗೆ ಮೂವತ್ತೇಳು. ಕಣ್ಣು ಬೇರೆಲ್ಲೋ ಇರುತ್ತದೆ, ಹೆಬ್ಬೆರಳು ತಾನಾಗಿ ಎಣಿಸುತ್ತದೆ. ಒಟ್ಟು ಇನ್ನೂರು ಪೇಪರು, ದಿನಕ್ಕೊಂದು ಬಸ್ಸು, ಹದಿನೆಂಟು ವರ್ಷ. ಬಲ ಹೆಗಲಿನ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಗಂಟೊಂದು ಎದ್ದಿದೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದರೆ, “ಅದ ನನಗ ತೋರಸ್ತೈತ್ರಿ, ಕಟ್ಟು ಎಲ್ಲಿ ಇಡಬೇಕಂತ” ಎಂಬ ಉತ್ತರ.

ಮೊದಲ ಬಸ್ಸಿನ ಎಂಜಿನ್ನು ಚಳಿಗಾಲದಲ್ಲಿ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಏಳುತ್ತದೆ. ನಾಲ್ಕನೆಯ ಸದ್ದು ಹಿಂದಿನ ಸೀಟಿನಿಂದ ಬರುತ್ತದೆ, ಅದು ಗೈಬುಸಾಬರದು. ಎಂಜಿನ್ನು ಕೆಮ್ಮುವುದು, ಗೊಣಗುವುದು, ಹಿಡಿದುಕೊಳ್ಳುವುದು, ಎಲ್ಲವನ್ನೂ ಗಂಟಲಲ್ಲೇ ತೆಗೆಯುತ್ತಾರೆ. ಡ್ರೈವರ ಬಾಬು ಸ್ಟೇರಿಂಗಿನಿಂದ ತಿರುಗಿ ಕೂಗುತ್ತಾರೆ: “ಏ ಗೈಬೂ, ಎಂಜಿನ್ ಚಾಲೂ ಆತೋ ಇಲ್ಲೋ ಲೇ?”

“ನಂದು ಆಗೇತ್ರಿ. ನಿಮ್ದು ನೋಡ್ಕೋರಿ.”

ಇಷ್ಟೇ ಆಗಿದ್ದರೆ ಗೈಬುಸಾಬರನ್ನು ಒಬ್ಬ ಒಳ್ಳೆಯ ಹಮಾಲ, ಇನ್ನೂ ಒಳ್ಳೆಯ ನಕಲಿಗಾರ ಎಂದು ಬರೆದು ಮುಗಿಸಬಹುದಿತ್ತು. ಆದರೆ ಬಬಲೇಶ್ವರದ ಕಟ್ಟಿನ ಕೆಳಗೆ ಅಂಗೈಯಗಲದ ಇನ್ನೊಂದು ಕಟ್ಟು ಇದೆ. ಅದರಲ್ಲಿ ಇಪ್ಪತ್ತೇಳು ಚೀಟಿ. ಆ ಚೀಟಿಗಳಿಗಾಗಿ ನಾಲ್ಕು ಊರುಗಳಲ್ಲಿ ಇಪ್ಪತ್ತೇಳು ಮಂದಿ ಪೇಪರಿಗೂ ಮುಂಚೆ ಕೈ ಚಾಚುತ್ತಾರೆ.

ಅದು ‘ಲೈನಿನ ಆಟ’. ಬಸ್ಸಿನ ಲೈನಿನುದ್ದಕ್ಕೂ ಇರುವವರು ಆಡುವುದರಿಂದ ಆ ಹೆಸರು. ಹಾಸಿಲ್ಲ, ಕಾಯಿಲ್ಲ, ಇಸ್ಪೀಟಿನ ಎಲೆಯಿಲ್ಲ. ಒಬ್ಬೊಬ್ಬರೂ ಎಲ್ಲಿಯೂ ಇಲ್ಲದ ಊರೊಂದರಲ್ಲಿ, ತಮಗಿಲ್ಲದ ವೇಷವೊಂದನ್ನು ತೊಟ್ಟಿದ್ದಾರೆ. ‘ನಾನು ಈ ದಿನ ಹೀಗೆ ಮಾಡುತ್ತೇನೆ’ ಎಂದು ಒಂದು ಚೀಟಿ ಬರೆದು, ಮಧ್ಯಾಹ್ನ ಮರಳುವ ಬಸ್ಸಿನಲ್ಲಿ ಗೈಬುಸಾಬರ ಕೈಗೆ ಕೊಡುತ್ತಾರೆ. ಮರುದಿನ ಬೆಳಿಗ್ಗೆ ಪೇಪರಿನ ಜೊತೆ ಉತ್ತರ ಬರುತ್ತದೆ: ನೀವು ಹಾಗೆ ಮಾಡಿದ್ದಕ್ಕೆ ಹೀಗಾಯಿತು, ಈಗ ಏನು ಮಾಡುತ್ತೀರಿ? ತಿಕೋಟಾದಲ್ಲಿ ಸೈಕಲ್ ಅಂಗಡಿ ಇಟ್ಟ ದಾವಲಸಾಬರೂ ಬಬಲೇಶ್ವರದ ನರ್ಸು ಗುರುಬಾಯಿಯವರೂ ಒಬ್ಬರ ಮುಖ ಒಬ್ಬರು ಕಂಡದ್ದು ತೀರ ಈಚೆಗೆ. ಆಟದಲ್ಲಿ ಮಾತ್ರ ಇಬ್ಬರೂ ಒಂದೇ ಹಾಳುಬಾವಿಯಲ್ಲಿ ನಾಲ್ಕು ದಿನ ಸಿಕ್ಕಿಬಿದ್ದು, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಪಾರಾದವರು.

ಆಟಕ್ಕೆ ಮೂರು ಲೋಕ. ಮೊದಲನೆಯದು ಏಳುಬಾಗಿಲ ಕೋಟೆ. ಅಲ್ಲಿ ಮಂತ್ರ ನಡೆಯುತ್ತದೆ, ದ್ರಾಕ್ಷಿಬಳ್ಳಿಗಳು ಪಿಸುಗುಟ್ಟುತ್ತವೆ, ಪ್ರತಿ ಬಾಗಿಲಿಗೂ ಒಬ್ಬ ರಕ್ಕಸ. ಎರಡನೆಯದು ಕಂದೀಲಪುರ, ಸದಾ ಮಂಜು ಕವಿದ ಪಟ್ಟಣ; ದಿನಕ್ಕೊಂದು ಕಳವು, ಆಟಗಾರರಲ್ಲೇ ಒಬ್ಬರು ಕಳ್ಳ, ಉಳಿದವರು ಪತ್ತೇದಾರರು. ಬಬಲೇಶ್ವರದ ಸಾಲಿಯ ಕರೆಪ್ಪ ಮಾಸ್ತರರು, ಹುಡುಗರ ಸೀಸದಕಡ್ಡಿ ಸಿಕ್ಕರೂ ಮನೆ ಹುಡುಕಿ ಮುಟ್ಟಿಸುವ ಮನುಷ್ಯ, ಅಲ್ಲಿ ಎಂಟು ತಿಂಗಳು ಕಳ್ಳರಾಗಿದ್ದು ಸಿಕ್ಕಿಬೀಳಲಿಲ್ಲ. ಮೂರನೆಯದು ಚಂದ್ರನ ಪೇಟೆ. ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿಯ ಪೇಪರನ್ನು ಹೊತ್ತವರು ಗೈಬುಸಾಬರೇ. ಅಲ್ಲಿ ಯಾವ ಸಾಮಾನಿಗೂ ಇಲ್ಲಿನಷ್ಟು ತೂಕವಿಲ್ಲವೆಂದು ಓದಿದ್ದು ಅವರ ತಲೆಯಿಂದ ಇಳಿದೇ ಇಲ್ಲ. ಚಂದ್ರನ ಪೇಟೆಯಲ್ಲಿ ಹಮಾಲರು ಜೋಳದ ಚೀಲವನ್ನು ಕಿರುಬೆರಳಲ್ಲಿ ಎತ್ತುತ್ತಾರೆ; ಹಗುರಾದ ಚೀಲ ಹಾರಿಹೋಗದಂತೆ ಹಿಡಿಯುವುದಕ್ಕೇ ಅವರಿಗೆ ಕೂಲಿ.

ಈ ಲೋಕಗಳಿಗೆ ಕಾಯಿದೆಯೂ ಇದೆ. ಪೇಪರಿಗೆ ರಜೆಯಿದ್ದ ಮರುದಿನ ಮೂರೂ ಕಡೆ ಸೂರ್ಯ ಹುಟ್ಟುವುದಿಲ್ಲ, ಎಲ್ಲರೂ ಮಲಗಿರಬೇಕು. ಗೆಲುವು ಸೋಲನ್ನು ತೀರ್ಮಾನಿಸುವುದು ಬಸ್ಸಿನ ಟಿಕೇಟು. ಮೊದಲ ಬಸ್ಸಿನಲ್ಲಿ ಜನ ಎಸೆದ ಟಿಕೇಟುಗಳನ್ನು ಆಯ್ದು, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ತೆಗೆಯಬೇಕು. ನಂಬರಿನ ಕೊನೆಯ ಅಂಕಿ ದೊಡ್ಡದಾದರೆ ಕತ್ತಿ ತಾಗಿತು, ಸಣ್ಣದಾದರೆ ತಪ್ಪಿತು, ಸೊನ್ನೆ ಬಂದರೆ ನಿಮ್ಮ ಕತ್ತಿ ನಿಮಗೇ. ಆ ಟಿಕೇಟನ್ನು ಉತ್ತರಕ್ಕೆ ಗುಂಡುಸೂಜಿಯಿಂದ ಚುಚ್ಚಿ ಕಳಿಸಲಾಗುತ್ತದೆ, ಮೋಸವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ.

ಯಾರು ತೀರ್ಮಾನಿಸುವವರು? ಯಾರು ಬರೆಯುವವರು? ಐದು ವರ್ಷ ಲೈನಿನುದ್ದಕ್ಕೂ ಇದಕ್ಕೆ ಒಂದೇ ಉತ್ತರ: ಗುಂಬಜದ ರಾಯರು. ಗೋಲಗುಂಬಜದ ಹತ್ತಿರ ಮನೆ, ಮನೆ ತುಂಬ ಪುಸ್ತಕ, ನೇರಳೆ ಶಾಯಿ, ಓರೆ ಅಕ್ಷರ, ಮೂಗಿನಲ್ಲಿ ಮಾತು. ಮನೆಯಿಂದ ಹೊರಗೆ ಬರುವವರಲ್ಲ, ಯಾರನ್ನೂ ಒಳಗೆ ಬಿಡುವವರಲ್ಲ. ಗೈಬುಸಾಬ ಚೀಟಿಯನ್ನು ಒಯ್ದು ತರುವ ಆಳು, ಅಷ್ಟೇ. ಉತ್ತರ ಕೊಡುವಾಗ ಎರಡು ಸಲ ಕೆಮ್ಮಿ, ಮೂಗು ಕಟ್ಟಿಕೊಂಡು, “ಹೂಂ… ಆಗಲಿ. ಆ ಮಾಸ್ತರಗ ಹೇಳು, ರಕ್ಕಸನ ಮುಂದ ವ್ಯಾಕರಣ ನಡಿಯೂದಿಲ್ಲಂತ” ಎಂದು ರಾಯರ ದನಿಯನ್ನೂ ತಂದುಕೊಡುತ್ತಿದ್ದರು.

ಗುಂಬಜ ಉಂಟು, ಶಾಯಿ ಉಂಟು, ರಾಯರು ಮಾತ್ರ ಇಲ್ಲ. ಇದ್ದವರು ಗೈಬುಸಾಬರೊಬ್ಬರೇ, ಹೆಸರಿಗೆ ತಕ್ಕಂತೆ ಗೈಬಾಗಿ, ಯಾರ ಕಣ್ಣಿಗೂ ಕಾಣದೆ, ಕೂತಿದ್ದರು.

ಸುಳ್ಳು ಹುಟ್ಟಿದ್ದು ಎಪ್ಪತ್ಮೂರರ ಜನವರಿಯಲ್ಲಿ. ಭಾನುವಾರದ ಪುರವಣಿಯ ಕಟ್ಟೊಂದು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಯಿತು, ಅದರ ಜೊತೆ ಧಾರಾವಾಹಿಯ ಒಂದು ಕಂತೂ. ಬಬಲೇಶ್ವರದ ಓದುಗರು ಕೊರಳಪಟ್ಟಿ ಹಿಡಿದರು. ಹೆದರಿದ ಗೈಬುಸಾಬ, ನಾನೇ ವಿಜಾಪುರದಲ್ಲಿ ಓದಿ ಬಂದಿದ್ದೇನೆಂದು ಒಂದು ಕಂತನ್ನು ಅಲ್ಲೇ ಹೊಸೆದು ಹೇಳಿದರು. ಮರುದಿನ ಜನ ಮುಂದಿನದನ್ನು ಕೇಳಿದರು. “ಕೋಟ್ಯಾಗ ಹೋಗಬಾರದಿತ್ತು ಅಂವ” ಎಂದು ಒಬ್ಬರು ತಕರಾರು ತೆಗೆದಾಗ, ಹಾಗಾದರೆ ನೀವಿದ್ದರೆ ಏನು ಮಾಡುತ್ತಿದ್ದಿರಿ, ಬರೆದುಕೊಡಿ ಎಂದರು. ಆಟ ಅಲ್ಲಿಂದ ಶುರು.

“ನಾ ಕಲತದ್ದು ಐದನೇತ್ತರಿ,” ಎನ್ನುತ್ತಾರೆ ಗೈಬುಸಾಬ. “ಪೇಪರ್ ಹೊರಾವ ಹೇಳಿದ್ರ ರಕ್ಕಸಗ ಯಾರ ಅಂಜತಾರ? ಮಾಸ್ತರ ಅಂಜತಾರೇನು, ನರ್ಸಬಾಯಿ ಅಂಜತಾರೇನು? ರಾಯರ ಹೇಳ್ಯಾರಂದ್ರ ಅಂಜತಾರ. ಅದಕ್ಕ ಒಬ್ಬ ರಾಯರ್ನ ಮಾಡಿದ್ನಿ.”

ದಿನದ ಕೆಲಸ ಹೀಗೆ ನಡೆಯುತ್ತದೆ. ಮಧ್ಯಾಹ್ನ ಎರಡಕ್ಕೆ ಮನೆ. ಊಟವಾದ ಮೇಲೆ ಚೀಟಿಗಳನ್ನು ಲೋಕವಾರು ಮೂರು ಗುಂಪು ಮಾಡಿ, ಖಾಕಿ ಕಾಗದದ ತುಂಡುಗಳನ್ನು ಗಂಜಿಯಿಂದ ಅಂಟಿಸಿ ಬೆಳೆಸಿದ ಹನ್ನೊಂದು ಅಡಿ ಉದ್ದದ ನಕಾಶೆಯನ್ನು ನೆಲಕ್ಕೆ ಹಾಸುತ್ತಾರೆ. ಇಪ್ಪತ್ತೇಳು ಹುಣಸೆಬೀಜ ಇಪ್ಪತ್ತೇಳು ಮಂದಿ. ಬೀಜ ಸರಿಸುತ್ತ, ಎಲ್ಲರ ದನಿಯಲ್ಲೂ ತಾವೇ ಮಾತಾಡುತ್ತ, ಸಂಜೆಯ ತನಕ ಬರೆಯುತ್ತಾರೆ.

“ಮೊದಲ ಅಂಜಿದ್ನಿರಿ,” ಎನ್ನುತ್ತಾರೆ ಹೆಂಡತಿ ಮದೀನಾಬಿ. “ಒಬ್ಬರ ಕುಂತಾರ, ಒಳಗಿಂದ ಆರ ಮಂದಿ ಜಗಳಾ ಮಾಡಿದ್ಹಂಗ ಕೇಳ್ತೈತಿ. ಈಗ ರೂಢಿ ಆಗೇತಿ. ರಕ್ಕಸಗೂ ಚಾ ಇಡಲೇನು ಅಂತ ಕೇಳತೇನಿ.”

ಗೈಬುಸಾಬರ ಹೆಮ್ಮೆ ಒಂದೇ: ಉತ್ತರ ಒಂದು ದಿನವೂ ತಪ್ಪಿಲ್ಲ. ಜ್ವರ ಬಂದಾಗ ತಪ್ಪಿಲ್ಲ, ಕಟ್ಟು ಬಿದ್ದು ಕಾಲು ಉಳುಕಿದಾಗ ತಪ್ಪಿಲ್ಲ. “ಎಪ್ಪತ್ತೈದರ ಮಳಿಗಾಲದಾಗ ಡೋಣಿ ಬಂದು ಬಸ್ಸು ಬಬಲೇಶ್ವರದಾಗ ಮೂರು ದಿನ ಸಿಕ್ಕೊಂಡಿತ್ರಿ. ಸಾಲಿ ಪಡಸಾಲ್ಯಾಗ ಮಲಗಿದ್ನಿ. ಆವಾಗ ಸೈತ ತಪ್ಪಸಲಿಲ್ಲ” ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಈ ಮಾತಿನೊಳಗೆ ಒಂದು ತೂತಿದೆ. ಅದು ಇಡೀ ಲೈನಿಗೆ ಕಂಡಿತ್ತು, ಅವರೊಬ್ಬರಿಗೆ ಬಿಟ್ಟು.

ಈ ವರ್ಷ ಜನವರಿಯ ಒಂದು ಮಧ್ಯಾಹ್ನ ಚೀಟಿಗಳ ಜೊತೆ ದೊಡ್ಡದೊಂದು ಕಾಗದ ಬಂತು. ಕರೆಪ್ಪ ಮಾಸ್ತರರ ಅಕ್ಷರ, ಕೆಳಗೆ ಇಪ್ಪತ್ತೇಳು ಸಹಿ. ಆಟಕ್ಕೆ ಐದು ವರ್ಷ ತುಂಬಿದ ಸಲುವಾಗಿ ಗುಂಬಜದ ರಾಯರಿಗೆ ಬಬಲೇಶ್ವರದ ಸಾಲಿಯಲ್ಲಿ ಬರುವ ಭಾನುವಾರ ಸನ್ಮಾನ. ರಾಯರು ಖುದ್ದಾಗಿ ಬರಬೇಕು. ಬಾರದಿದ್ದರೆ ಸೋಮವಾರದಿಂದ ಯಾರೂ ಚೀಟಿ ಬರೆಯುವುದಿಲ್ಲ.

ಗೈಬುಸಾಬರಿಗೆ ಅಂದು ಊಟ ಸೇರಲಿಲ್ಲ. ನಕಾಶೆಯ ಮೇಲೆ ಇಪ್ಪತ್ತೇಳು ಬೀಜ ಇಪ್ಪತ್ತೇಳು ಕಡೆ ಕೂತಿದ್ದವು. ಗುರುಬಾಯಿಯವರ ಮಂತ್ರಗಾರ್ತಿ ಆರು ಬಾಗಿಲು ದಾಟಿ ಏಳನೆಯದರ ಮುಂದೆ ನಿಂತಿದ್ದಳು. ನಿಜ ಹೇಳಿದರೆ ಮೂರು ಲೋಕವೂ ಬರಿಯ ರದ್ದಿ ಕಾಗದ. ಹೇಳದಿದ್ದರೆ ಸೋಮವಾರ ಆಟ ಬಂದ್. ರಾಯರು ತೀರಿಕೊಂಡರೆಂದು ನೇರಳೆ ಶಾಯಿಯಲ್ಲಿ ಒಂದು ಸುದ್ದಿ ಬರೆದು ನೋಡಿದರು. ಓದಿದಾಗ ಕಣ್ಣು ತುಂಬಿ ಬಂತು, ಹರಿದು ಹಾಕಿದರು.

“ಖರೇ ಹೇಳಿಬಿಡ್ರಿ,” ಎಂದರು ಮದೀನಾಬಿ.

“ಹೇಳಿದ್ರ ಆಟ ಸಾಯ್ತೈತಿ.”

“ಹಂಗಾರ ಏನ್ ಮಾಡ್ತೀರಿ?”

“ರಾಯರ್ನ ಕರಕೊಂಡ ಹೋಗತೇನಿ.”

ರಾಯರು ಸಿಕ್ಕಿದ್ದು ಪಕ್ಕದ ಓಣಿಯಲ್ಲಿ. ದಾದಾಸಾಬರು ಕೋರ್ಟಿನಲ್ಲಿ ಮೂವತ್ತು ವರ್ಷ ಜವಾನರಾಗಿ ನಿವೃತ್ತರಾದವರು. ಎತ್ತರದ ಆಳು, ಬೆಳ್ಳನೆಯ ಮೀಸೆ, ಒಂದು ಕರಿಕೋಟು. ಕುರ್ಚಿಯ ಮೇಲೆ ಸುಮ್ಮನೆ ಕೂತರೆ ತೀರ್ಪು ಕೊಡುವಂತೆ ಕಾಣುತ್ತಾರೆ. ಬಾಯಿ ತೆರೆದರೆ ಮಾತ್ರ ಕಷ್ಟ. ಕಕ್ಷಿದಾರರನ್ನು ಕರೆದು ಕರೆದು ಬೆಳೆದ ಗಂಟಲು ಅದು. ಉಪ್ಪು ಕೊಡಿ ಎಂದರೂ ಪಕ್ಕದ ಮನೆಯವರು ಎದ್ದು ನಿಲ್ಲುತ್ತಾರೆ. ಮೂರು ಮಧ್ಯಾಹ್ನ ಪಾಠ ನಡೆಯಿತು.

“ಮೂಗಿನಾಗ, ಚಾಚಾ, ಮೂಗಿನಾಗ. ಎರಡ ಸಲ ಕೆಮ್ಮು, ಆಮ್ಯಾಗ ‘ಹೂಂ… ಆಗಲಿ’.”

“ಹೂಂ! ಆಗಲಿ!” ಚಾವಣಿಯ ಮಣ್ಣು ಉದುರಿತು.

“ಯಪ್ಪಾ, ರಾಯರು ಅದೀರಿ ನೀವು, ತೋಪಲ್ಲ!”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮದೀನಾಬಿ ಒಂದೇ ಮಾತು ಹೇಳಿದರು: “ಖರೇ ಹೇಳಾಕ ಕೋಟು ಬೇಕಾಗ್ತಿರಲಿಲ್ಲ.”

ಭಾನುವಾರ ಮೊದಲ ಬಸ್ಸಿನಲ್ಲಿ ಕರಿಕೋಟಿನ ರಾಯರು ಹಿಂದಿನ ಸೀಟಿನಲ್ಲಿ ಕೂತರು. ತಿಕೋಟಾದಲ್ಲಿ ಬಸ್ಸು ನಿಲ್ಲುವುದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಗೈಬುಸಾಬ ಟಾಪಿನ ಮೇಲಿನ ಕಟ್ಟು ಇಳಿಸುತ್ತ ಇರಲೇಬೇಕು, ಹದಿನೆಂಟು ವರ್ಷದಿಂದ ಹಾಗೆಯೇ ನಡೆದು ಬಂದಿದೆ. ಅವರು ಮೇಲಿದ್ದಾಗ ಸೈಕಲ್ ಅಂಗಡಿಯ ದಾವಲಸಾಬರು ಕೆಳಗಿನಿಂದ ಹತ್ತಿ, ದಾದಾಸಾಬರ ಪಕ್ಕದಲ್ಲಿ ಕೂತು, ಅವರ ಕಿವಿಯಲ್ಲಿ ಏನೋ ಹೇಳಿದರು. ಗೈಬುಸಾಬ ಇಳಿದು ಬರುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅರಿಯದವರಂತೆ ಬೇರೆ ಬೇರೆ ಕಿಟಕಿಯಾಚೆ ನೋಡುತ್ತಿದ್ದರು.

ಸಾಲಿಯ ಪಡಸಾಲೆಯಲ್ಲಿ ಇಪ್ಪತ್ತೇಳು ಮಂದಿಯೂ ಸೇರಿದ್ದರು. ಐದು ವರ್ಷದಲ್ಲಿ ಮೊದಲ ಸಲ. ‘ನೀವೇನು ಕಂದೀಲಪುರದ ಫೌಜದಾರರು?’ ‘ಚಂದ್ರನ ಮೇಲೆ ನನ್ನ ಚೀಲ ಹಾರಿಹೋಗಲು ಬಿಟ್ಟವರು ನೀವೇ ಏನು?’ ಎಂದು ಪರಿಚಯ ನಡೆದಿತ್ತು. ರಾಯರು ಬಂದೊಡನೆ ಎಲ್ಲರೂ ಎದ್ದರು. ನಡುವೆ ಕುರ್ಚಿ, ಕುರ್ಚಿಯ ಪಕ್ಕ ಸೇವಂತಿಗೆಯ ಹಾರ. ಗೈಬುಸಾಬ ರಾಯರ ಹಿಂದಿನ ಕಂಬಕ್ಕೆ ಆತು ನಿಂತರು, ಆಳು ನಿಲ್ಲುವ ಜಾಗದಲ್ಲಿ.

ಕರೆಪ್ಪ ಮಾಸ್ತರರು ಕೈಮುಗಿದು ಮೊದಲ ಪ್ರಶ್ನೆ ಕೇಳಿದರು. “ರಾಯರ, ಕಂದೀಲಪುರದ ಮಂಜು ಯಾವಾಗ ಸರೀತೈತ್ರಿ?”

ದಾದಾಸಾಬರು ಎರಡು ಸಲ ಕೆಮ್ಮಿ, ಮೂಗಿನಲ್ಲಿ, “ಹೂಂ… ಕಳ್ಳ ಸಿಕ್ಕ ದಿನ” ಎಂದರು. ಕಂಬದ ಹಿಂದೆ ಒಂದು ನಿಟ್ಟುಸಿರು ಕೇಳಿತು. ಕಲಿಸಿದ್ದು ಕಲಿಸಿದಂತೆ ಬಂದಿತ್ತು.

“ಏಳನೇ ಬಾಗಲದ ಹಿಂದ ಏನೈತ್ರಿ?”

ಇದನ್ನು ಕಲಿಸಿರಲಿಲ್ಲ. ಗೈಬುಸಾಬ ಅದನ್ನು ಮದೀನಾಬಿಗೂ ಹೇಳಿದವರಲ್ಲ. ದಾದಾಸಾಬರ ಬಾಯಿ ತೆರೆದುಕೊಂಡೇ ಉಳಿಯಿತು. ಆ ತೆರೆದ ಬಾಯಿಂದಲೋ ಎಂಬಂತೆ ಹಿಂದಿನ ಕಂಬದ ಕಡೆಯಿಂದ ದನಿ ಬಂತು: “ಹೂಂ… ದಾಟಿದವರಿಗೇ ಗೊತ್ತಾಗಲಿ.” ದನಿ ಮುಗಿದ ಮೇಲೂ ದಾದಾಸಾಬರ ತುಟಿ ಎರಡು ಸಲ ಅಲ್ಲಾಡಿತು. ಇಪ್ಪತ್ತೇಳು ಮಂದಿ ನೆಲ ನೋಡುತ್ತ ಕೂತರು. ಕೆಲವರ ಹೆಗಲು ಕುಣಿಯುತ್ತಿದ್ದವು. ಭಕ್ತಿ ಇರಬೇಕು ಅಂದುಕೊಂಡರು ಗೈಬುಸಾಬ.

ಆಗ ಗುರುಬಾಯಿ ಎದ್ದರು. “ನಂದೂ ಒಂದು ಐತ್ರಿ, ರಾಯರ. ಎಪ್ಪತ್ತೈದರಾಗ ಡೋಣಿ ಬಂದಿತ್ತು. ಬಸ್ಸು ಮೂರು ದಿನ ಈ ಕಡೀನ ನಿಂತಿತ್ತು, ಆ ಕಡಿಂದ ಒಂದು ಕಾಗಿ ಸೈತ ದಾಟಿ ಬರಲಿಲ್ಲ. ಪೇಪರ್ ಬರಲಿಲ್ಲ, ಟಪಾಲ ಬರಲಿಲ್ಲ. ನಿಮ್ಮ ಉತ್ತರ ಅಷ್ಟ ಮೂರೂ ದಿನ ಮುಂಜಾನಿ ಬರೋಬ್ಬರಿ ಬಂತು, ನೇರಳೆ ಶಾಯಾಗ. ಚುಚ್ಚಿದ್ದ ಟಿಕೇಟೂ ಹಳೇವು. ವಿಜಾಪುರದಾಗ ಕುಂತ ನೀವು ಹೊಳಿ ಹೆಂಗ ದಾಟಿದ್ರಿ?”

ಗೈಬುಸಾಬರ ಮುಖದಲ್ಲಿ ಆ ಮೂರು ದಿನ ಒಂದೊಂದಾಗಿ ಹಾದುಹೋದವು. ಇದೇ ಪಡಸಾಲೆ, ಇದೇ ಕಂಬ, ತೊಡೆಯ ಮೇಲೆ ಚೀಟಿ, ಹೊರಗೆ ಮಳೆ. ಉತ್ತರ ತಪ್ಪಬಾರದು ಎಂಬ ನೇಮ ಎಷ್ಟು ಗಟ್ಟಿಯಾಗಿತ್ತೆಂದರೆ, ಉತ್ತರ ಬರಬೇಕಾದದ್ದು ಹೊಳೆಯ ಆಚೆಯಿಂದ ಎಂಬುದನ್ನೇ ಮರೆಸಿಬಿಟ್ಟಿತ್ತು.

“ಆವತ್ತ ಕೇಳಾವಿದ್ನಿ,” ಎಂದರು ಕರೆಪ್ಪ ಮಾಸ್ತರರು. “ಈ ಬಾಯಿಯವರು ನನ್ನ ಕಾಲ ತುಳದ್ರು. ಹೆಬ್ಬಟ್ಟಿನ ಉಗರ ಇನ್ನೂ ಸರಿಯಾಗಿಲ್ಲ.”

“ಕೇಳಿದ್ರ ಇಂವ ನಾಚಿ ಆಟ ನಿಲ್ಲಸ್ತಿದ್ದ,” ಎಂದರು ಗುರುಬಾಯಿ. “ಆವಾಗ ನಾ ಮೂರನೇ ಬಾಗಲದಾಗ ಇದ್ನಿ. ರಕ್ಕಸ ಮುಂದ ನಿಂತಾನ, ಹಂಗ ಬಿಟ್ಟ ಬರಾಕ ಆಗತೈತೇನು? ಬರದದ್ದು ಯಾರು ಅಂತ ಗೊತ್ತಾದ ಮ್ಯಾಲೂ ಎರಡೂವರೆ ವರ್ಷ ಆ ರಕ್ಕಸಗ ಅಂಜೇನಿ, ಗೈಬಣ್ಣ. ನಿನ್ನಾಣಿ.”

ಗೈಬುಸಾಬ ಕಂಬವನ್ನು ಬಿಟ್ಟಿರಲಿಲ್ಲ. ಹೇಳಲು ಅವರ ಬಾಯಲ್ಲಿ ಯಾರ ದನಿಯೂ ಇರಲಿಲ್ಲ, ತಮ್ಮದೂ ಸೇರಿ.

ಆಗ ದಾದಾಸಾಬರು, ತಿಕೋಟಾದಲ್ಲಿ ದಾವಲಸಾಬರು ಕಿವಿಯಲ್ಲಿ ಹೇಳಿಕೊಟ್ಟಿದ್ದಂತೆ, ಕುರ್ಚಿಯಿಂದ ಎದ್ದರು. ಕರಿಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಮೂರು ದಿನದಿಂದ ಮೂಗಿನಲ್ಲಿ ಕಟ್ಟಿಟ್ಟಿದ್ದ ಗಂಟಲನ್ನು ಬಿಡಿಸಿಕೊಂಡು, ಬಾಗಿಲ ಕಡೆ ತಿರುಗಿ, ಮೂವತ್ತು ವರ್ಷ ಕೋರ್ಟಿನಲ್ಲಿ ಕೂಗಿದ ಹಾಗೆ ಕೂಗಿದರು:

“ಗುಂಬಜದ ರಾಯರು… ಹಾಜರ್ ಹೋ!”

ಬೇವಿನ ಮರದ ಹಕ್ಕಿಗಳು ಎದ್ದವು. ಕೋರ್ಟಿನ ನೇಮದಂತೆ ಎರಡನೆಯ ಸಲ ಕೂಗಿದರು. ಇಪ್ಪತ್ತೇಳು ಮುಖ ಕಂಬದ ಕಡೆ ತಿರುಗಿದವು. ದಾವಲಸಾಬರು ಹಾರವನ್ನು ಎತ್ತಿ ಹಿಡಿದರು.

“ಗುಂಬಜದ ರಾಯರು… ಹಾಜರ್ ಹೋ!”

ಕಂಬದ ಹತ್ತಿರ ಯಾರೋ ಎರಡು ಸಲ ಕೆಮ್ಮಿದರು. ಆಮೇಲೆ ಮೂಗಿನ ದನಿಯೊಂದು ನಿಧಾನವಾಗಿ ಹೇಳಿತು: “ಹೂಂ… ಹಾಜರ ಅದೇನಿ.”

ಪಡಸಾಲೆ ಒಡೆದುಹೋಯಿತು. ಮಾಸ್ತರರು ಮೇಜಿನ ಮೇಲೆ ಬಿದ್ದು ನಕ್ಕರು, ಗುರುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು, ದಾದಾಸಾಬರು ತಮ್ಮ ತೋಪನ್ನು ತಡೆಯದೆ ಹಾರಿಸಿದರು. ಎಲ್ಲರ ನಗುವಿಗೂ ಮೇಲೆ ಇನ್ನೊಂದು ನಗು ಕೇಳುತ್ತಿತ್ತು. ಎರಡು ಸಲ ಕೆಮ್ಮಿ, ಗೊಣಗಿ, ಮೂರನೆಯದಕ್ಕೆ ಹಿಡಿದುಕೊಂಡು, ಆಮೇಲೆ ನಿಲ್ಲದೆ ಓಡಿದ ನಗು. ರಸ್ತೆಯಾಚೆ ಚಹಾ ಕುಡಿಯುತ್ತಿದ್ದ ಡ್ರೈವರ ಬಾಬು ಬಟ್ಟಲು ಕೆಳಗಿಟ್ಟು, ಯಾರಲೇ ಬಸ್ಸು ಚಾಲೂ ಮಾಡಿದವರು ಎಂದು ಓಡಿಬಂದರು. ಬಸ್ಸು ನಿಂತಲ್ಲೇ ನಿಂತಿತ್ತು. ಸಾಲಿಯ ಪಡಸಾಲೆಯಲ್ಲಿ ಹಾರ ಹಾಕಿಸಿಕೊಂಡ ಗೈಬುಸಾಬ ಕಂಬ ಹಿಡಿದು ನಗುತ್ತಿದ್ದರು, ಉಳಿದ ಇಪ್ಪತ್ತೇಳು ಮಂದಿ ನಕ್ಕು ಮುಗಿಸಿದ ಮೇಲೂ.